ಸಾಲಿಗೆ ಸೇರದ ಕಂಬಳಿ ಗಿಡ

ನಾನು ಒಂದು ಕಂಬಳಿ ಗಿಡ. ಎಲೆಯ ತುಂಬ ಉಣ್ಣೆಯಂಥ ಬೂದು ರೋಮ ಇರುವುದರಿಂದ ಮುತ್ತಮ್ಮನವರು ಇಟ್ಟ ಹೆಸರು ಇದು. ನಾನು ಬೀಜವಾಗಿ ಹಿಮಾಚಲದ ಬೆಟ್ಟದಿಂದ ಬೆಂಕಿಪೊಟ್ಟಣದಲ್ಲಿ ಕುಳಿತು ಮಡಿಕೇರಿಗೆ ಬಂದೆ. ತಂದವರು ಮುತ್ತಮ್ಮನವರ ಯಜಮಾನರು, ಸೇನೆಯಿಂದ ನಿವೃತ್ತರಾದ ಸುಬೇದಾರ್ ಉತ್ತಯ್ಯ. ಆ ಬೆಟ್ಟದಲ್ಲಿ ಆಳೆತ್ತರದ ಹಳದಿ ಹೂ ಇದೆ ಎಂದು ಅವರು ಸೇನೆಯಲ್ಲಿದ್ದಾಗ ಅಲ್ಲಿಂದ ಹೆಂಡತಿಗೆ ಎಷ್ಟೋ ವರ್ಷ ಕಾಗದ ಬರೆದಿದ್ದರು. ಅದನ್ನು ಹೆಂಡತಿಗೆ ಕಣ್ಣಾರೆ ತೋರಿಸಬೇಕೆಂಬುದೇ ಅವರ ಹಟ.

ಸುಬೇದಾರರು ದಾರ ಕಟ್ಟಿ ನೇರ ಸಾಲಿನಲ್ಲಿ ಬಿತ್ತಿದರು. ಐದು ಸಸಿಗಳು ಪರೇಡಿಗೆ ನಿಂತಂತೆ ಎದ್ದವು. ಕೈತಪ್ಪಿ ಬಿದ್ದ ನಾನು ಮಾತ್ರ ನೀರಿನ ತೊಟ್ಟಿಯ ಹಿಂದೆ ಮೊಳೆತೆ. ಸಾಲಿಗೆ ಸೇರಲಿಲ್ಲವೆಂದು ನನಗೆ ಆಗಲೇ ನಾಚಿಕೆ.

ನಮ್ಮ ಜಾತಿಗೆ ಮೊದಲ ವರ್ಷ ಬರೀ ಎಲೆ, ಎರಡನೆಯ ವರ್ಷ ಹೂ. ಸುಬೇದಾರರಿಗೆ ಇದು ಗೊತ್ತಿರಲಿಲ್ಲ. ಆ ಬೆಟ್ಟದಲ್ಲಿ ಎಳೆಯದು ಬಲಿತದ್ದು ಬೆರೆತು ಪ್ರತಿ ಬೇಸಿಗೆಯೂ ಹೂ ಇರುತ್ತಿತ್ತು. ಇಲ್ಲಿ ನಾವು ವರ್ಷ ತುಂಬುತ್ತ ಬಂದರೂ ನೆಲಕ್ಕೆ ಅಂಟಿಕೊಂಡೇ ಇದ್ದೆವು.

ಪಕ್ಕದ ಮನೆಯ ಬೆಳ್ಯಪ್ಪ ಬೇಲಿಯಾಚೆಯಿಂದ, "ಏನು ಸುಬೇದಾರ್ರೇ, ಹೊಗೆಸೊಪ್ಪು ಬೆಳೀತಿದ್ದೀರಾ?" ಎಂದು ಕಾಲೆಳೆದರು. ಮುತ್ತಮ್ಮನವರೂ ನಕ್ಕು, "ಕಾಗದದಲ್ಲಿ ಬರೆದದ್ದೆಲ್ಲ ಹೀಗೇನಾ?" ಎಂದುಬಿಟ್ಟರು.

ಸುಬೇದಾರರ ಮುಖ ಕೆಂಪಾಯಿತು. ಐದನ್ನೂ ಬುಡಸಮೇತ ಕಿತ್ತು ಗೊಬ್ಬರದ ಗುಂಡಿಗೆ ಎಸೆದರು. ನಾನು ತೊಟ್ಟಿಯ ಹಿಂದೆ ಉಸಿರು ಬಿಗಿಹಿಡಿದು ಕುಳಿತೆ. ನನ್ನನ್ನು ನೋಡದಿರಲಿ ಎಂದು ಬೇಡಿಕೊಂಡೆ. ಒಡಹುಟ್ಟಿದವರು ಹೋಗುವಾಗ ನಾನು ಬೇಡಿದ್ದು ಅಷ್ಟೇ. ಇದನ್ನು ಹೇಳಲು ಇವತ್ತಿಗೂ ನಾಚಿಕೆಯಾಗುತ್ತದೆ.

ಮರುವರ್ಷ ಬೇಸಿಗೆಗೆ ನನ್ನ ನಡುವಿನಿಂದ ದಂಟು ಎದ್ದಿತು. ತೊಟ್ಟಿ ದಾಟಿತು, ಸುಬೇದಾರರ ಭುಜದೆತ್ತರಕ್ಕೆ ಬಂತು, ತುದಿಯಲ್ಲಿ ಹಳದಿ ಹೂ ಬಿಟ್ಟಿತು. ಒಂದು ಬೆಳಿಗ್ಗೆ ಬಟ್ಟೆ ಒಗೆಯಲು ಬಂದ ಮುತ್ತಮ್ಮನವರು ಬಕೆಟ್ ಕೆಳಗಿಟ್ಟರು.

"ಇಲ್ಲಿ ಬನ್ನಿ. ನೀವು ಬರೆದಿದ್ದ ಹೂ."

ಸುಬೇದಾರರು ಬಂದವರು ನನ್ನನ್ನು ಒಮ್ಮೆ ನೋಡಿ, ಖಾಲಿ ಬಿದ್ದ ಸಾಲನ್ನೇ ನೋಡುತ್ತ ನಿಂತರು.

"ಇನ್ನೊಂದು ವರ್ಷ ಕಾಯ್ಬೇಕಿತ್ತು. ಮರ್ಯಾದೆ ಹೋಯ್ತು ಅಂತ ಕಿತ್ತುಹಾಕ್ದೆ."

"ನಾನೂ ನಗಬಾರದಿತ್ತು," ಎಂದರು ಮುತ್ತಮ್ಮ.

ಈಗ ನಾನು ಒಣಗಿದ ಕೋಲು. ಹೂ ಬಿಟ್ಟು ಬೀಜ ಕಟ್ಟಿದ ಮೇಲೆ ನಮ್ಮ ಬಾಳು ಮುಗಿಯಿತು. ನಿನ್ನೆ ಸುಬೇದಾರರು ನನ್ನ ಬೀಜ ಉದುರಿಸಿಕೊಂಡರು. ಈ ಸಲ ದಾರ ಕಟ್ಟಲಿಲ್ಲ, ತೋಟದ ತುಂಬ ಎರಚಿದರು. ಹೂ ಯಾವಾಗ ಎಂದು ಬೆಳ್ಯಪ್ಪ ಕೇಳಿದರೆ, "ಬರೋ ವರ್ಷ ಅಲ್ಲ, ಅದರಾಚೆ ವರ್ಷ," ಎಂದರು. ಉಳಿದ ಬೀಜವನ್ನು ಗೊಬ್ಬರದ ಗುಂಡಿಯ ಅಂಚಿಗೆ ಹಾಕಿ, ಟೋಪಿ ತೆಗೆದು, ತಲೆ ತಗ್ಗಿಸಿ ನಿಂತರು.

ನನಗೂ ಅವರ ಜೊತೆ ತಲೆ ತಗ್ಗಿಸಬೇಕೆನಿಸಿತು. ಒಣಗಿದ ದಂಟು ಬಗ್ಗಲಿಲ್ಲ.