ಕೆರೆ ನೋಡಬೇಕೆಂದವರು ಯಾರು?

ಕಾಡಿಗೆ ಹೋಗುವ ವಿಚಾರ ನಾಗರತ್ನಾಗೆ ಹೊಳೆದದ್ದು ಸಜ್ಜಿ ರೊಟ್ಟಿ ಬಡಿಯುತ್ತ ಕೂತಾಗ.

"ಅವ್ವಾ, ನಾಳೆ ಬಸ್‌ಸ್ಟ್ಯಾಂಡಿಗೆ ಬಿಡ್ತಾರೇನು ಕೇಳು," ಎಂದಳು ಒಳಕೋಣೆಯಿಂದ ಮಗಳು ಪ್ರಿಯಾಂಕಾ.

"ಗಾಡಿ ಪಂಕ್ಚರ್ ಆಗೈತಿ ಅಂತ ಹೇಳು," ಎಂದ ಪಡಸಾಲೆಯಿಂದ ಗಂಡ ಸುಭಾಷ.

ಒಬ್ಬರ ಮಾತು ಇನ್ನೊಬ್ಬರಿಗೆ ಚೆನ್ನಾಗಿಯೇ ಕೇಳಿಸುತ್ತಿತ್ತು. ಆದರೂ ನಾಗರತ್ನಾ ಹಿಟ್ಟಿನ ಕೈಯಲ್ಲೇ ಎದ್ದು ಒಳಕೋಣೆಯ ಬಾಗಿಲಿಗೆ ಹೋಗಿ, "ಗಾಡಿ ಪಂಕ್ಚರ್ ಆಗೈತಂತವಾ," ಎಂದು ಹೇಳಿದ ಮೇಲೆಯೇ ಪ್ರಿಯಾಂಕಾ "ಹೂಂ" ಅಂದದ್ದು. ತಿರುಗಿ ಬರುವಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಒಂದು ಬದಿ ಕರ್ರಗಾಗಿತ್ತು.

ಯುಗಾದಿಯಿಂದ ಹೀಗೇ ನಡೆದಿತ್ತು. ಈಗ ದಸರೆಯೂ ಮುಗಿದಿತ್ತು. ಅಪ್ಪ ಪಡಸಾಲೆಯಲ್ಲಿದ್ದರೆ ಮಗಳು ಒಳಗೆ. ಮಗಳು ಹೊರಗೆ ಬಂದರೆ ಅಪ್ಪನಿಗೆ ಹಿತ್ತಲಲ್ಲಿ ಏನೋ ಕೆಲಸ. ಮೊದಮೊದಲು ನಾಗರತ್ನಾಗೆ ಅಳು ಬರುತ್ತಿತ್ತು. ಈಚೆಗೆ ಬರುತ್ತಿರಲಿಲ್ಲ. ಅದೇ ಅವಳಿಗೆ ಹೆದರಿಕೆ ಹುಟ್ಟಿಸಿತ್ತು. ಮಾತಿಲ್ಲದಿರುವುದು ಮನೆಗೆ ಒಗ್ಗಿಹೋಗುತ್ತಿದೆ, ಮೂಲೆಯಲ್ಲಿಟ್ಟ ಟ್ರಂಕಿನ ಹಾಗೆ. ಬಳಸಿಕೊಂಡು ಓಡಾಡುವುದು ಮೂವರಿಗೂ ರೂಢಿಯಾಗುತ್ತಿದೆ. ಬರುವ ವರ್ಷ ಮಗಳ ಡಿ.ಎಡ್. ಮುಗಿಯುತ್ತದೆ, ಎಲ್ಲೋ ಒಂದು ಊರಿನ ಶಾಲೆಗೆ ಹೊರಟುಹೋಗುತ್ತಾಳೆ. ಅಷ್ಟರೊಳಗೆ ಇವರಿಬ್ಬರೂ ಎದುರು ಬದುರು ಮಾತಾಡದಿದ್ದರೆ ಆಮೇಲೆ ಮಾತಾಡುವುದು ಯಾವಾಗ?

ಆದದ್ದು ಬ್ಯಾಡಗಿಯಲ್ಲಿ, ಸುಭಾಷನ ಅಕ್ಕ ಹೊಳಿಯವ್ವನ ಮನೆಯಲ್ಲಿ. ಹೊಳಿಯವ್ವನ ಮಗ ಮಾಲತೇಶನಿಗೆ ಅಲ್ಲಿ ಮೆಣಸಿನಕಾಯಿ ವ್ಯಾಪಾರ. ಹುಡುಗ ಒಳ್ಳೆಯವನೇ. ಸುಭಾಷ ಯಾವಾಗಲೋ ಅಕ್ಕನಿಗೆ ಮಾತು ಕೊಟ್ಟಿದ್ದ. ಹಬ್ಬದ ಊಟ ಮುಗಿಸಿ ಎಲ್ಲರೂ ಕೂತಿದ್ದಾಗ ಹೊಳಿಯವ್ವ ಪ್ರಿಯಾಂಕಾಳ ಉಡಿ ತುಂಬಲು ತೆಂಗಿನಕಾಯಿ, ಕುಬಸದ ಖಣ ತಂದಳು. ಹುಡುಗಿ ಹಿಂದೆ ಸರಿದಳು. "ಅಕಿನ್ನೇನು ಕೇಳೂದು, ತುಂಬು," ಎಂದ ಸುಭಾಷ. ಆಗ ಪ್ರಿಯಾಂಕಾ ಎದ್ದು ನಿಂತು, "ನಾ ಏನು ನಿನ್ನ ಹೊಲದಾಗಿನ ಹೆಣ್ಣು ಸಾಲೇನಪ್ಪಾ? ನೀ ತೋರಿಸಿದ ಸಾಲಿಗೆ ಕೂಡಸಾಕ?" ಅಂದುಬಿಟ್ಟಳು.

ಸುಭಾಷ ರಾಣೇಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದವನು. ರೈತರ ಹೊಲಗಳಲ್ಲಿ ಒಂದು ಸಾಲು ಗಂಡು ಗಿಡ, ಉಳಿದವು ಹೆಣ್ಣು ಗಿಡ ಹಚ್ಚಿಸಿ, ಈ ಹೂವಿನ ಪುಡಿಯನ್ನು ಆ ಹೂವಿಗೆ ಕೈಯಿಂದ ಮುಟ್ಟಿಸುವ ಹೆಣ್ಣಾಳುಗಳ ಮೇಲ್ವಿಚಾರಣೆ ಮಾಡುವುದು ಅವನ ಕೆಲಸ. ಅದರಲ್ಲಿ ಅವನಿಗೆ ಬಹಳ ಅಭಿಮಾನ. ಮಗಳ ಮಾತಿಗೆ ಬೀಗರು, ನೆರೆಯವರು, ಮಾಲತೇಶ ಕೂಡ ಗೊಳ್ಳೆಂದು ನಕ್ಕರು. ಸುಭಾಷ ಚಪ್ಪಲಿ ಮೆಟ್ಟಿಕೊಂಡು ಹೊರಗೆ ನಡೆದ. ಅಂದಿನಿಂದ ಮಗಳ ಬಾಯಲ್ಲಿ 'ಅಪ್ಪ' ಹೋಗಿ 'ಅವರು' ಬಂತು.

ಅಂದಿನಿಂದ ನಾಗರತ್ನಾ ಮಾತು ಹೊರುತ್ತಿದ್ದಳು. ಗಾಡಿ, ಸಾಬೂನು, ಗ್ಯಾಸ್ ಸಿಲಿಂಡರಿನಂಥ ಮಾತುಗಳನ್ನು ಇದ್ದ ಹಾಗೆಯೇ ದಾಟಿಸುತ್ತಿದ್ದಳು. ಆದರೆ ಇಬ್ಬರೂ ಬೇರೆ ಬೇರೆಯಾಗಿ ಅಡುಗೆಮನೆಗೆ ಬಂದು ಹೇಳುವ ಮಾತುಗಳೂ ಇರುತ್ತಿದ್ದವಲ್ಲ, ಅವನ್ನು ಹಾಗೇ ದಾಟಿಸಲು ಅವಳಿಗೆ ಮನಸ್ಸಾಗುತ್ತಿರಲಿಲ್ಲ. ಖಾರ ಹೆಚ್ಚಾದ ಪಲ್ಲೆಗೆ ಚೂರು ಬೆಲ್ಲ ಹಾಕುವುದು ಅವಳ ಕೈಗೆ ಬಂದ ವಿದ್ಯೆ, ನಾಲಿಗೆಗೂ ಬಂತು. ಆಡಿದ ಮಾತಿಗೆ ಬೆಲ್ಲ ಹಾಕುತ್ತ ಹಾಕುತ್ತ, ಆಡದ ಮಾತನ್ನೂ ಆಡಿದರೆಂದು ಹೇಳುವ ಮಟ್ಟಕ್ಕೆ ಬಂದಿದ್ದಳು.

ಕಾಡಿನ ವಿಚಾರ ಹೊಳೆದಾಗ ಅವಳಿಗೆ ಅನಿಸಿದ್ದು ಇಷ್ಟೆ: ಕಾಡಿನಲ್ಲಿ ಪಡಸಾಲೆ ಇಲ್ಲ, ಒಳಕೋಣೆ ಇಲ್ಲ. ಮುಂಜಾನೆಯಿಂದ ಸಂಜೆತನಕ ಒಂದೇ ಕಾಲುದಾರಿಯಲ್ಲಿ ನಡೆದರೆ ಎಷ್ಟು ಹೊತ್ತು ಸುಮ್ಮನಿರಲು ಸಾಧ್ಯ?

ಕಾಡೆಂದರೆ ಊರ ಹೊರಗಿನ ಕೃಷ್ಣಮೃಗದ ಕಾಡು. ಹತ್ತಿರದಲ್ಲೇ ಇದ್ದರೂ ಅವಳು ಬಸ್ಸಿನ ಕಿಟಕಿಯಿಂದ ನೋಡಿದ್ದಷ್ಟೆ. ಹಿಂದಿನ ಓಣಿಯ ಹಾಲೇಶಪ್ಪ ಅರಣ್ಯ ಇಲಾಖೆಯಲ್ಲಿ ಗಾರ್ಡ್ ಆಗಿದ್ದು ನಿವೃತ್ತನಾದವನು. ಹಾಲು ತರುವ ನೆವದಲ್ಲಿ ಅವನ ಮನೆಗೆ ಹೋಗಿ ಕೇಳಿದಳು.

"ಬರೇ ಚಿಗರಿ ನೋಡೂದಾದ್ರ ಒಂದು ತಾಸು ಸಾಕು ತಂಗಿ," ಎಂದ ಹಾಲೇಶಪ್ಪ. "ಹುಲ್ಲುಗಾವಲಿನ ದಂಡಿಗೆ ನಿಂತ್ರ ಅವಽ ಬಂದು ನಮ್ಮನ್ನ ನೋಡ್ಕೊಂಡು ಹೋಗ್ತಾವು."

"ಇಡೀ ದಿನಾ ನಡಿಯೂ ಹಂಗ ಇಲ್ಲೇನಣ್ಣಾ?"

"ಇಡೀ ದಿನಾನ?" ಹಾಲೇಶಪ್ಪ ಅವಳನ್ನು ಮೇಲಿನಿಂದ ಕೆಳಗೆ ನೋಡಿದ. "ಯಾಕ, ಏನರ ಹರಕಿ ಹೊತ್ತೀಯೇನು? ಒಳಗ ಒಂದು ಕೆರಿ ಐತಿ. ಗುಡ್ಡಾ ಬಳಸಿ ಹೋಗಬೇಕು. ಹೋಗಿ ಬರೂದ್ರಾಗ ಹೊತ್ತು ಮುಣಗ್ತದ. ಆಫೀಸಿನ್ಯಾಗ ಕೇಳಿ ನಾನಽ ಕರಕೊಂಡು ಹೋಗ್ತೇನಿ ತಗೋ."

ಮನೆಗೆ ಬಂದು ನಾಗರತ್ನಾ ಗಂಡನಿಗೆ ಚಹಾ ಕೊಡುತ್ತ, "ಪ್ರಿಯಾಗ ಕಾಡಿನ್ಯಾಗಿನ ಕೆರಿ ನೋಡಬೇಕಂತ್ರಿ. ಭಾಳ ಆಸೆ ಮಾಡ್ಯಾಳ. ಅಪ್ಪ ಬಂದ್ರ ಚೊಲೋ ಅಂದ್ಲು," ಎಂದಳು.

ಸುಭಾಷ ಬಸಿಗೆ ಸುರುವಿದ ಚಹಾ ಆರುವ ತನಕ ಕುಡಿಯಲಿಲ್ಲ. "ಹಂಗಂದ್ಲು?" ಎಂದ.

"ಹೂಂ."

"ಐತವಾರ ಹೋಗೂಣಂತ ಹೇಳು."

ಮಗಳಿಗೆ ಹೆರಳು ಹಾಕುತ್ತ, "ನಿಮ್ಮಪ್ಪಗ ಐತವಾರ ಕಾಡಿನ್ಯಾಗಿನ ಕೆರಿ ನೋಡಬೇಕಂತವಾ. ನೀ ಬರ್ತಿ ಅಂದ್ರಽ ಹೋಗ್ತಾರಂತ," ಎಂದಳು.

"ಐತವಾರ ಪಾಠ ಯೋಜನೆ ಬರಿಯೂದೈತಿ," ಎಂದಳು ಪ್ರಿಯಾಂಕಾ. ಹೆರಳು ಹಾಕಿ ಮುಗಿಯುವಷ್ಟರಲ್ಲಿ, "ಇರ್ಲಿ. ಬರ್ತೀನಂತ ಹೇಳು ಅವರಿಗೆ," ಎಂದಳು.

ಆ ವಾರ ಮನೆಯಲ್ಲಿ ಓಡಾಟವೋ ಓಡಾಟ. ನಾಗರತ್ನಾ ಗುರೆಳ್ಳು ಹುರಿದು ಚಟ್ನಿ ಕುಟ್ಟಿದಳು. ಶೇಂಗಾ ಹೋಳಿಗೆಯ ಹೂರಣ ಮಾಡಿಟ್ಟಳು. ಮೊಸರು ಬುತ್ತಿಗೆ ಹಿಂದಿನ ಸಂಜೆಯೇ ಹಾಲು ಹೆಪ್ಪು ಹಾಕಬೇಕು, ಬದನೆಕಾಯಿ ಎಳೆಯವು ಬೇಕು ಎಂದು ಲೆಕ್ಕ ಹಾಕಿದಳು. ಆದರೆ ಗುರುವಾರ ಸಂಜೆ ಅವಳಿಗೆ ಕಂಡದ್ದೇ ಬೇರೆ. ಸುಭಾಷ ಹಿತ್ತಲಲ್ಲಿ ಕೂತು ಎಡಗಾಲಿನ ಹಿಮ್ಮಡಿಗೆ ಬಿಸಿ ಎಣ್ಣೆ ತಿಕ್ಕುತ್ತಿದ್ದ. ಹೊಲದಿಂದ ಹೊಲಕ್ಕೆ ತಿರುಗಿ ತಿರುಗಿ ಹಿಮ್ಮಡಿ ನೋವು ಅವನಿಗೆ ಕಾಯಂ ಆಗಿತ್ತು. "ನೋವು ಐತಂದ್ರ ಬಿಡ್ರಿ, ಮುಂದ ಹೋದ್ರಾತು," ಎಂದಳು. "ಅಕಿ ಬಾಯಿ ಬಿಟ್ಟು ಕೇಳ್ಯಾಳ," ಎಂದು ಅವನು ಇನ್ನೂ ಜೋರಾಗಿ ತಿಕ್ಕಿದ. ಅದೇ ಹೊತ್ತಿಗೆ ಪ್ರಿಯಾಂಕಾ ಹಾವೇರಿಯಿಂದ ಬಂದಳು. ಕಾಲೇಜಿನಲ್ಲೇ ಕೂತು ಅರ್ಧ ಬರವಣಿಗೆ ಮುಗಿಸಿ ತಡವಾಗಿ ಬಂದಿದ್ದಳು, ಕಣ್ಣು ಕೆಂಪಗಿದ್ದವು.

ಇಬ್ಬರ ಹೆಗಲ ಮೇಲೂ ಇನ್ನೊಬ್ಬರ ಆಸೆಯೆಂದು ನಾಗರತ್ನಾ ಏರಿಸಿದ್ದ ಹೊರೆ ಯಾರ ಆಸೆಯೂ ಆಗಿರಲಿಲ್ಲ.

ಶನಿವಾರ ದೀಪ ಹಚ್ಚುವ ಹೊತ್ತಿಗೆ ಹಾಲೇಶಪ್ಪ ದಾರಿಯ ಮಾತಾಡಲು ಬಂದ. ಬಂದವನೇ ಪಡಸಾಲೆಯಲ್ಲಿ ಕೂತು, "ಎಲ್ಲಾರೂ ಹೊರಗ ಬರ್ರಿ, ಒಂದಽ ಸಲ ಹೇಳಿಬಿಡ್ತೇನಿ," ಎಂದು ಕೂಗಿದ. ಹಿರಿಯ ಮನುಷ್ಯನ ಮಾತಿಗೆ ಪ್ರಿಯಾಂಕಾ ಒಳಕೋಣೆಯಿಂದ ಬಂದು ಬಾಗಿಲಿಗೆ ಆತು ನಿಂತಳು. ಸುಭಾಷ ಎದ್ದು ಹೋಗುವಂತಿರಲಿಲ್ಲ.

"ನಸಿಕ್ಲೇ ಬಿಡಬೇಕು. ಬುತ್ತಿ ಹಗುರ ಇರ್ಲಿ ತಂಗಿ, ನೀ ಮದಿವಿ ಊಟಾ ಹೊತ್ತು ತರಬ್ಯಾಡ. ಸೀಗಿ ಹುಣ್ಣಿವಿ ಅಂತ ಭೂಮಿತಾಯಿಗೆ ಚರಗ ಪರಗ ಚೆಲ್ಲೂದೇನೂ ಇಲ್ಲ. ಹೊಲಾ ಅಲ್ಲ ಅದು, ಒಂದು ಅಗಳೂ ಬೀಳಬಾರದು. ಇನ್ನ ಆ ಕೆರಿ..." ಹಾಲೇಶಪ್ಪ ಎಲೆ ಅಡಿಕೆ ಚೀಲ ಬಿಚ್ಚಿದ. "ಖರೇ ಹೇಳ್ತೇನಿ, ಈಗ ಕೆರ್‍ಯಾಗ ನೋಡಾಕ ಏನೂ ಇಲ್ಲ. ನೀಲಗಿರಿ ಗಿಡದಾಗ ಹಾದು ಹಾದು ಕಾಲು ಬೀಳ್ತಾವು. ತಂಗಿ ಕೇಳಿದ್ಲಂತ ನಾ ಹೂಂ ಅಂದೆ. ಮನ್ಯಾಗ ಅದನ್ನಽ ನೋಡಬೇಕಂತ ಹಟಾ ಹಿಡದವರು ಯಾರು?"

"ಪ್ರಿಯಾ," ಎಂದ ಸುಭಾಷ.

"ಅಪ್ಪ," ಎಂದಳು ಪ್ರಿಯಾಂಕಾ.

ಎರಡೂ ಒಟ್ಟಿಗೇ ಬಂದವು. ಹಾಲೇಶಪ್ಪ ಒಬ್ಬರಾದ ಮೇಲೆ ಒಬ್ಬರ ಮುಖ ನೋಡಿದ. "ಏ, ಒಬ್ಬರಿಗೊಬ್ಬರು ತೋರಸ್ತೀರಲ್ಲೋ! ಕೆರಿ ನನಗಽ ನೋಡಬೇಕಾಗಿತ್ತೇನು ಹಂಗಾರ?"

ಸುಭಾಷ ಮಗಳ ಕಡೆ ತಿರುಗಿದ. "ಕೆರೀತನಕ ಹೋಗೂಣಂತ ನೀ ಅಂದಿದ್ದಿಲ್ಲೇನು?"

"ನಾ ಯಾವಾಗ ಅಂದೆ? ನಿನಗಽ ನೋಡಬೇಕಂತ ಅವ್ವ ಹೇಳಿದ್ಲು."

"ಈ ಹಿಮ್ಮಡಿ ಇಟ್ಕೊಂಡು ನಾ ಯಾಕ ಕೆರಿ ನೋಡ್ಲೆವಾ?"

"ಮತ್ತ ಹೂಂ ಅಂತ ಯಾಕ ಅಂದಿ?"

"ನಿನಗ ಬೇಕಂತ ಅಂದ್ಲಲ್ಲ, ಅದಕ್ಕ."

ಇಷ್ಟು ಮಾತು ತಮ್ಮ ತಮ್ಮಲ್ಲೇ ಆಡಿದ್ದು ಇಬ್ಬರಿಗೂ ಆಮೇಲೆ ತಿಳಿಯಿತು. ನಾಗರತ್ನಾಗೆ ನಗು ಬರುವುದರಲ್ಲಿತ್ತು. ಅಷ್ಟರಲ್ಲಿ ಸುಭಾಷ ಅವಳ ಕಡೆ ನೋಡಿದ. ಆ ನೋಟದಲ್ಲಿ ನಗು ಇರಲಿಲ್ಲ.

"ಬ್ಯಾಡಗ್ಯಾಗ ಆಡಿದ ಮಾತಿಗೆ ಪ್ರಿಯಾ ಅತ್ತಾಳ, ತಪ್ಪಾತು ಅಂದಾಳ ಅಂತ ಹೇಳಿದ್ದಿ. ಅದೂ ಹಿಂಗಽ ಏನು?"

ಹಾಲೇಶಪ್ಪ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿ, "ನಾ ಮುಂಜಾನೆ ಬರ್ತೇನಿ. ಹೋಗೂದೋ ಬಿಡೂದೋ ನೀವಽ ಮಾತಾಡ್ಕೋರಿ," ಎಂದು ಎದ್ದು ಹೋದ.

ನಾಗರತ್ನಾ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು. ಇನ್ನೊಂದು ಸುಳ್ಳು ನಾಲಿಗೆಯ ತುದಿಯಲ್ಲಿ ತಯಾರಾಗಿಯೇ ಇತ್ತು. ಹೇಳಿದ್ದರೆ ಅವನು ನಂಬುತ್ತಿದ್ದನೋ ಏನೋ. ಆದರೆ ಮಗಳು ಎದುರಿಗೇ ನಿಂತಿದ್ದಳು.

"ಹೂಂ ರೀ. ಅಕಿ ಹಂಗ ಅಂದಿದ್ದಿಲ್ಲ," ಎಂದಳು. "ನಾನಽ ಹೇಳಿದ್ದು."

"ನನಗೂ ಹೇಳೀಯವಾ," ಎಂದಳು ಪ್ರಿಯಾಂಕಾ ಮೆಲ್ಲಗೆ. "ಅಕಿಗೆ ಮನಸ್ಸಿಲ್ಲಂದ್ರ ಮದಿವಿ ಬ್ಯಾಡ ಬಿಡು ಅಂತ ಅಪ್ಪ ಅಂದಾನ ಅಂದಿದ್ದಿ. ಅದನ್ನ ನೆಚ್ಚಿಕೊಂಡಽ ನಾ ಇಷ್ಟು ದಿನಾ ಓದೀನಿ."

ನಾಗರತ್ನಾ ತಲೆ ತಗ್ಗಿಸಿದಳು. ತಾನು ಕಟ್ಟಿದ್ದ ಎಲ್ಲವೂ ಈಗ ಒಂದೊಂದಾಗಿ ಬಿಚ್ಚಿಹೋಗುತ್ತದೆ, ಇದ್ದ ಒಂದು ಎಳೆಯೂ ಕಡಿಯುತ್ತದೆ ಎಂದುಕೊಂಡಳು.

"ನಾ ಹಂಗ ಅಂದಿದ್ದಿಲ್ಲ," ಎಂದ ಸುಭಾಷ.

"ನಾನೂ ಅತ್ತಿದ್ದಿಲ್ಲ," ಎಂದಳು ಪ್ರಿಯಾಂಕಾ. ಬಾಗಿಲು ಬಿಟ್ಟು ಪಡಸಾಲೆಯೊಳಕ್ಕೆ ಬಂದಿದ್ದಳು. "ಸಿಟ್ಟು ಬಂದಿತ್ತು, ಈಗೂ ಐತಿ. ನನ್ನ ಕೇಳದಽ ನನ್ನ ಉಡಿ ತುಂಬಸ್ತಿದ್ದಿ ನೀ. ಆದ್ರ ಹೊಲದ ಮಾತು ಎತ್ತಬಾರದಾಗಿತ್ತು. ಎಲ್ಲಾರೂ ನಕ್ಕಾಗ ನಿನ್ನ ಮಾರಿ ನೋಡಿದೆ. ಅದು ಮರೆಯೂದಽ ಆಗವಲ್ದು."

ಸುಭಾಷ ತನ್ನ ಕಾಲನ್ನೇ ನೋಡುತ್ತ, "ನನಗೂ ಸಿಟ್ಟು ಐತಿ," ಎಂದ.

"ಇರ್ಲಿ. ನನಗಽ ಹೇಳು. ಅವ್ವನ ಕೈಯಾಗ ಹೇಳಿ ಕಳಸಬ್ಯಾಡ."

ಸುಭಾಷ ಬಗ್ಗಿ ಹಿಮ್ಮಡಿ ತಿಕ್ಕಿಕೊಂಡ. ಪ್ರಿಯಾಂಕಾ ಕಾದು ನಿಂತಳು, ಆಮೇಲೆ ಒಳಗೆ ಹೋದಳು. ನಾಗರತ್ನಾ ಅಡುಗೆಮನೆಗೆ ಬಂದು ಹಾಲು ಹೆಪ್ಪು ಹಾಕಬೇಕೋ ಬೇಡವೋ ತಿಳಿಯದೆ ಪಾತ್ರೆ ಹಿಡಿದುಕೊಂಡು ನಿಂತಳು. ಕೇಳೋಣವೆಂದರೆ ಯಾರನ್ನು ಕೇಳುವುದು? ಆಗ ಸುಭಾಷನ ದನಿ ಕೇಳಿಸಿತು. ಅವನು ಒಳಕೋಣೆಯ ಬಾಗಿಲಿಗೆ ಹೋಗಿ ನಿಂತಿದ್ದ.

"ಕೆರಿ ಬ್ಯಾಡ. ಹುಲ್ಲುಗಾವಲತನಕ ಹೋಗಿ ಬರೂಣು. ಮಧ್ಯಾಹ್ನಕ್ಕ ಬಂದ್ರ ನಿನ್ನ ಬರವಣಿಗೀನೂ ಆಗ್ತೈತಿ."

"ನಿನ್ನ ಹಿಮ್ಮಡಿ?"

"ಅಷ್ಟು ನಡಿತೈತಿ."

ನಾಗರತ್ನಾ ಹಾಲು ಹೆಪ್ಪು ಹಾಕಿದಳು.

ಮರುದಿನ ಮುಂಜಾನೆ ಇಬ್ಬನಿಯಲ್ಲಿ ಹುಲ್ಲು ಒದ್ದೆಯಾಗಿತ್ತು. ಹಾಲೇಶಪ್ಪ ಮುಂದೆ, ಅವನ ಹಿಂದೆ ಅಪ್ಪ ಮಗಳು, ಎಲ್ಲರ ಹಿಂದೆ ಬುತ್ತಿಯ ಗಂಟು ಹೊತ್ತು ನಾಗರತ್ನಾ. ಅವಳು ಅಂದುಕೊಂಡ ಹಾಗೆ ಅವರೇನೂ ಮಾತಾಡುತ್ತ ನಡೆಯಲಿಲ್ಲ. ಬಹಳ ದೂರ ಸುಮ್ಮನೇ ನಡೆದರು. ಮುಳ್ಳಿನ ಕಂಟಿ ಅಡ್ಡ ಬಂದ ಕಡೆ ಸುಭಾಷ ಟೊಂಗೆ ಬಗ್ಗಿಸಿ ಹಿಡಿಯುತ್ತಿದ್ದ, ಪ್ರಿಯಾಂಕಾ ಹಾಯುತ್ತಿದ್ದಳು. ಈ ಸುಮ್ಮನಿರುವಿಕೆ ಮನೆಯೊಳಗಿನದರ ಹಾಗಿಲ್ಲ ಎಂದು ನಾಗರತ್ನಾಗೆ ಅನಿಸಿತು. ಹೇಗೆ ಬೇರೆ ಎಂದು ಕೇಳಿದ್ದರೆ ಅವಳಿಗೆ ಹೇಳಲು ಬರುತ್ತಿರಲಿಲ್ಲ.

ಚಿಗರಿಗಳು ಬಂದವು. ಕರಿ ಬೆನ್ನಿನ ಗಂಡೊಂದು ಕೋಡು ಹಿಂದಕ್ಕೆ ಚಾಚಿ ಇವರನ್ನು ನೋಡಿ, ಬೇಸರವಾದಂತೆ ಮುಖ ತಿರುಗಿಸಿತು. ನೋಡಿ ಮುಗಿದ ಮೇಲೆ, ಕಾಡಿನ ಗೇಟಿನ ಹೊರಗೆ, ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚಿದರು. ಹಾಲೇಶಪ್ಪ ನೀರು ತರಲು ಹೋಗಿದ್ದ.

"ಅಕ್ಕಗ ಮಾತು ಕೊಟ್ಟವ ನಾನು," ಎಂದ ಸುಭಾಷ ಇದ್ದಕ್ಕಿದ್ದಂತೆ, ರೊಟ್ಟಿ ಮುರಿಯುತ್ತ. "ಬ್ಯಾಡಗಿಗೆ ಹೋಗಿ ನಾನಽ ಇಲ್ಲ ಅನ್ನಬೇಕು. ಇಷ್ಟು ದಿನಾ ಅದಕ್ಕಽ ಅಂಜಿ ಕುಂತೇನಿ. ಸಿಟ್ಟು ನಿನ್ನ ಮ್ಯಾಲ ಹಾಕಿದೆ."

ಪ್ರಿಯಾಂಕಾಳ ಕೈ ತುತ್ತಿನಲ್ಲೇ ನಿಂತಿತು. "ನಾನೂ ಬರ್ತೀನಿ," ಎಂದಳು.

"ನಿಮ್ಮ ಅತ್ತಿ ಬೈತಾಳ."

"ಬೈಲಿ. ನನಗೂ ಬೈಲಿ, ನಿನಗೂ ಬೈಲಿ."

"ನಾನೂ ಬರ್ತೇನ್ರಿ," ಎಂದಳು ನಾಗರತ್ನಾ. "ಹೊಳಿಯಕ್ಕಗ ನಾ ಸಮಾಧಾನದ್ಲೆ..."

"ನೀ ಬ್ಯಾಡ," ಎಂದರು ಇಬ್ಬರೂ.

"ನೀ ಬಂದ್ರ," ಎಂದ ಸುಭಾಷ, "ನಾ 'ಇಲ್ಲ' ಅಂದದ್ದು ಅಕಿ ಕಿವಿಗೆ 'ನೋಡೂಣು' ಅಂತ ಮುಟ್ತೈತಿ."

ಪ್ರಿಯಾಂಕಾ ಕಿಸಕ್ಕನೆ ನಕ್ಕಳು. ನಾಗರತ್ನಾಳ ಮುಖ ಒಂದು ಗಳಿಗೆ ಚಿಕ್ಕದಾಯಿತು. ಇಷ್ಟು ದಿನ ಒಂದು ಲೋಟ ನೀರು ಬೇಕಾದರೂ ಅವಳನ್ನೇ ನಡುವೆ ನಿಲ್ಲಿಸುತ್ತಿದ್ದವರು ಇವರೇನಾ? ಹೋಳಿಗೆಗೆ ತುಪ್ಪ ಹಾಕಿ ಒಂದನ್ನು ಮಗಳ ಕೈಗೆ, ಒಂದನ್ನು ಗಂಡನ ಕೈಗೆ ಕೊಟ್ಟಳು.

"ಆತು, ಹೋಗಿ ಬರ್ರಿ," ಎಂದಳು. "ಅಕಿ ಏನಂದ್ಲು ಅಂತ ಬಂದು ನನಗ ಹೇಳ್ರಿ. ಅಂದದ್ದು ಅಂದಂಗ ಹೇಳ್ರಿ ಮತ್ತ."