ಟೈಟಸ್ ಬೋವೆನ್ನರ ವಂಶಸ್ಥರು

ನಾನು ಕಾರು ನಿಲ್ಲಿಸುವ ಮೊದಲೇ ಅಪ್ಪ ಬಾಗಿಲು ತೆರೆದಿದ್ದರು. ಸ್ವಾನ್ಸಿಯಲ್ಲಿ ಜೀವಮಾನವೆಲ್ಲ ಬಸ್ಸು ಓಡಿಸಿದವರು, ಚಲಿಸುವ ಗಾಡಿಯಿಂದ ಇಳಿದವರಿಗೆಲ್ಲ ಮಂಗಳಾರತಿ ಎತ್ತಿದವರು, ಈಗ ತಾವೇ ಒಂದು ಕಾಲು ಹೊರಗಿಟ್ಟು ಕೂತಿದ್ದರು.

"ಅಪ್ಪ, ಬಾಗಿಲು ಹಾಕು. ಚಾಪೆಲ್ ಎಲ್ಲೂ ಓಡಿಹೋಗಲ್ಲ."

"ಇನ್ನೂರು ವರ್ಷ ನಮಗೋಸ್ಕರ ಕಾದಿದೆ ಕಣೇ ನೆಸ್ಟಾ. ಇನ್ನೂ ಎಷ್ಟು ಕಾಯಿಸ್ತೀಯ?"

ಅಂದು ಬೆಥಾಬರ ಎಂಬ ಬ್ಯಾಪ್ಟಿಸ್ಟ್ ಚಾಪೆಲ್ಲಿನ, ಅಂದರೆ ಆ ಸಣ್ಣ ಪ್ರಾರ್ಥನಾ ಮಂದಿರದ, ಇನ್ನೂರನೆಯ ವಾರ್ಷಿಕೋತ್ಸವ. ಅದನ್ನು ಕಟ್ಟಿಸಿದ ಉಪದೇಶಕ ಟೈಟಸ್ ಬೋವೆನ್ನರ ವಂಶದವರು ಯಾರಾದರೂ ಇದ್ದರೆ ಬಂದು ಅವರ ಪೀಠದಿಂದಲೇ ನಾಲ್ಕು ಮಾತಾಡಬೇಕೆಂದು ಚಾಪೆಲ್ಲಿನವರು ಪತ್ರಿಕೆಯಲ್ಲಿ ಕೇಳಿಕೊಂಡಿದ್ದರು. ಅಪ್ಪನ ಮುತ್ತಜ್ಜನ ಹೆಸರು ಟೈಟಸ್ ಬೋವೆನ್ ಪ್ರಿಚರ್ಡ್, ಹುಟ್ಟಿದ್ದು ಇದೇ ಕಣಿವೆಯಲ್ಲಿ. ಉಪದೇಶಕರ ಮಗಳ ಮಗನೇ ಇರಬೇಕು. ನಮಗೆ ಇನ್ನೇನು ಬೇಕು?

ನಮ್ಮಜ್ಜಿ, ಅಪ್ಪನ ಅಮ್ಮ, ಸಾಯುವವರೆಗೂ ಅಪ್ಪನಿಗೆ ಹೇಳಿದ್ದು ಒಂದೇ ಮಾತು: ನಿನ್ನ ಮೈಯಲ್ಲಿ ಉಪದೇಶಕರ ರಕ್ತ ಇದೆ ಇದ್ವಲ್, ನೀನು ಪೀಠ ಹತ್ತಬೇಕಾದವನು. ಅಪ್ಪ ಹತ್ತಿದ್ದು ಬಸ್ಸು. ನಾಲ್ಕು ಜನರೆದುರು ನಿಂತರೆ ಅವರ ನಾಲಿಗೆ ಒಣಗುತ್ತಿತ್ತು. ಅಜ್ಜಿಯ ಅಂತ್ಯಕ್ರಿಯೆಯಲ್ಲೂ ಎದ್ದು ನಿಂತು, ಬಾಯಿ ತೆರೆದು, ಹಾಗೆಯೇ ಕೂತುಬಿಟ್ಟರು. ಆ ಸಂಕಟ ಅವರನ್ನು ಬಿಟ್ಟಿರಲಿಲ್ಲ. "ಆ ಪೀಠ ಒಂದ್ಸಲ ಹತ್ತಿದರೆ ಸಾಕು, ರಕ್ತ ತಾನಾಗೇ ಮಾತಾಡುತ್ತೆ" ಎಂದು ವಾರವೆಲ್ಲ ಹೇಳಿಕೊಂಡು ಓಡಾಡಿದ್ದರು. ನನಗೂ ಹುಚ್ಚು ಕಡಿಮೆಯೇನೂ ಇರಲಿಲ್ಲ. ಹಿಂದಿನ ದಿನ ಊಟವೇ ಸೇರಿರಲಿಲ್ಲ.

ಮೊದಲು ಸಮಾಧಿಗಳ ಕಡೆ ಓಡಿದೆವು. ಹುಲ್ಲು ಸರಿಸಿದ ಮೊದಲನೆಯ ಕಲ್ಲಿನಲ್ಲೇ ಸಿಕ್ಕಿತು: ಟೈಟಸ್ ಬೋವೆನ್ ರೀಸ್.

"ದಾಯಾದಿ!" ಎಂದು ಅಪ್ಪ ಕೂಗಿದರು. ಕಣ್ಣಲ್ಲಿ ನೀರು.

ಅದರ ಪಕ್ಕದಲ್ಲಿ ಟೈಟಸ್ ಬೋವೆನ್ ಪ್ಯೂ. "ಇನ್ನೊಬ್ಬ!" ಗೋಡೆಯ ಹತ್ತಿರ ಟೈಟಸ್ ಬೋವೆನ್ ಲಾಯ್ಡ್. ಮರದ ಕೆಳಗೆ ಟೈಟಸ್ ಬೋವೆನ್ ಮೋರ್ಗನ್. ಅಪ್ಪ ಕಲ್ಲಿನಿಂದ ಕಲ್ಲಿಗೆ ಹಾರುತ್ತಿದ್ದರು. ನಾನೂ ಹಿಂದೆಯೇ ಓಡುತ್ತಿದ್ದೆ, ಆದರೆ ಹತ್ತನೆಯದೋ ಹನ್ನೊಂದನೆಯದೋ ಟೈಟಸ್ ಸಿಕ್ಕಾಗ ತಡೆಯಲಾಗಲಿಲ್ಲ.

"ಅಪ್ಪ, ಈ ಪುಣ್ಯಾತ್ಮ ಉಪದೇಶ ಮಾಡೋಕೆ ಯಾವಾಗ ಪುರಸೊತ್ತು ಮಾಡ್ಕೊಳ್ತಿದ್ರು?"

"ಥೂ, ಬಾಯಿ ಮುಚ್ಚೇ. ಹಿರಿಯರು!"

ಚಾಪೆಲ್ಲಿನ ಹಿಂದಿನ ಕೋಣೆಯಲ್ಲಿ ಚಹಾ, ಹ್ಯಾಮ್ ಸ್ಯಾಂಡ್‌ವಿಚ್, ಒಣದ್ರಾಕ್ಷಿ ಹಾಕಿದ ಬಾರಾ ಬ್ರೀತ್ ಬ್ರೆಡ್ಡು ಸಜ್ಜಾಗಿದ್ದವು. ಊರಿಗೊಬ್ಬಳೇ ಪದ್ಮಾವತಿ ಎಂದುಕೊಂಡು ನಾವು ಬಂದಿದ್ದರೆ, ಅಲ್ಲಿ ಪದ್ಮಾವತಿಯರ ಸಾಲೇ ನಿಂತಿತ್ತು. ಮರ್ಥರ್‌ನಿಂದ ಬಂದಿದ್ದ ಪ್ಯೂ ದಂಪತಿ ಗಾಜು ಹಾಕಿಸಿದ ವಂಶವೃಕ್ಷವನ್ನೇ ಹೊತ್ತು ತಂದಿದ್ದರು.

"ಪೀಠ ಹತ್ತೋನು ನಾನು. ನನ್ನ ಮೂಗು ನೋಡಿ, ಬೋವೆನ್ನರದೇ ಮೂಗು!" ಎಂದರು ಪ್ಯೂ.

"ಬೋವೆನ್ನರ ಮೂಗು ನೋಡಿದವರು ಯಾರು ಸ್ವಾಮಿ?" ಎಂದೆ ನಾನು. "ನಮ್ಮಪ್ಪನಿಗೂ ಒಂದು ಮೂಗಿದೆ."

ಗಲಾಟೆ ಕೇಳಿ ರೊನ್ವೆನ್ ಎಂಬ ಅಜ್ಜಿ ಚಹಾದ ಕೆಟಲ್ ಹಿಡಿದು ಬಂದರು. ತೊಂಬತ್ತರ ಹತ್ತಿರದ ವಯಸ್ಸು. ಚಾಪೆಲ್ಲಿನ ಹಿರಿಯರಲ್ಲಿ ಉಳಿದಿದ್ದವರು ಅವರೊಬ್ಬರೇ. ಪತ್ರಿಕೆಗೆ ಕರೆ ಕಳಿಸಿದ್ದು ಅವರ ಮೊಮ್ಮಗನಂತೆ, ಅವರನ್ನು ಒಂದು ಮಾತೂ ಕೇಳದೆ.

"ಎಲ್ಲಾರೂ ಸ್ವಲ್ಪ ಕೂತ್ಕೊಳ್ಳಿ," ಎಂದರು ಅಜ್ಜಿ. "ಬೋವೆನ್ನರು ಮದುವೆನೇ ಆಗ್ಲಿಲ್ಲ."



"ಮದುವೆ ಆಗದಿದ್ರೆ ಮಕ್ಕಳಾಗಲ್ಲ ಅಂತ ಏನಿಲ್ಲ..." ಎಂದು ಶುರು ಮಾಡಿದ ಪ್ಯೂ ಅವರನ್ನು ಹೆಂಡತಿ ಚಿವುಟಿದರು.

"ಆ ಕಾಲದಲ್ಲಿ ಮನಸ್ಸಿಗೆ ಹಿಡಿಸಿದ ಉಪದೇಶಕರ ಹೆಸರನ್ನ ಮನೆತನದ ಹೆಸರು ಸಮೇತ ಮಕ್ಕಳಿಗೆ ಇಡ್ತಿದ್ರಪ್ಪ. ಬೋವೆನ್ನರು ಚಳಿಗಾಲದಲ್ಲಿ ಹೊಳೆಯ ಮಂಜುಗಡ್ಡೆ ಒಡೆದು ಜನರನ್ನ ಮುಳುಗಿಸಿ ದೀಕ್ಷೆ ಕೊಟ್ಟೋರು. ಆಮೇಲೆ ಆ ಜನಕ್ಕೆ ಗಂಡು ಹುಟ್ಟಿದ್ರೆ ಟೈಟಸ್ ಬೋವೆನ್. ಇಲ್ಲಿ ಅರ್ಧ ಸ್ಮಶಾನ ಅವರ ಹೆಸರಲ್ಲೇ ಮಲಗಿದೆ. ನಮ್ಮನೆ ಕುದುರೆಗೂ ಅದೇ ಹೆಸರಿತ್ತು, ವಂಶಸ್ಥ ಅಂತ ಅದೇನೂ ಬಂದು ನಿಲ್ಲಲಿಲ್ಲ."

ಪ್ಯೂ ವಂಶವೃಕ್ಷವನ್ನು ಗೋಡೆಗೆ ಮುಖಮಾಡಿ ಇಟ್ಟರು. ನಾನು ಇಂಗು ತಿಂದ ಮಂಗನಂತೆ ಕೂತೆ. ಈ ಪದ್ಧತಿ ನಮಗೆ ತಿಳಿಯದ್ದಲ್ಲ. ನನ್ನ ಸ್ವಂತ ಚಿಕ್ಕಪ್ಪನಿಗೇ ಒಬ್ಬ ಉಪದೇಶಕರ ಹೆಸರಿದೆ. ಆಸೆ ಕಣ್ಣು ಕಟ್ಟಿತ್ತು. ಅಪ್ಪನ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಪ್ರಾರ್ಥನೆಗೆ ಗಂಟೆಯಾಯಿತು. ಮೂವತ್ತು ಜನ ಸೇರಿ ಮುನ್ನೂರು ಜನರಷ್ಟು ಎತ್ತರದ ದನಿಯಲ್ಲಿ ಹಾಡಿದರು, ನಮ್ಮ ಜನಕ್ಕೆ ಹಾಡೊಂದನ್ನು ಹೇಳಿಕೊಡಬೇಕಿಲ್ಲ. ಹಾಡು ಮುಗಿದು ಎಲ್ಲರೂ ಕೂತರು. ಪೀಠ ಖಾಲಿ. ಅಜ್ಜಿ ಪೀಠದ ಕೆಳಗೆ ಹಿರಿಯರ ಆಸನದಲ್ಲಿ ಒಬ್ಬರೇ ಕೂತು ಎಲ್ಲರನ್ನೂ ನೋಡಿದರು. ಪ್ಯೂ ತಮ್ಮ ಮೂಗನ್ನು ಕರವಸ್ತ್ರದಲ್ಲಿ ಮುಚ್ಚಿಕೊಂಡರು.

ನನ್ನ ಪಕ್ಕದಲ್ಲಿ ಮರದ ಬೆಂಚು ಕಿರುಗುಟ್ಟಿತು. ಅಪ್ಪ ಎದ್ದಿದ್ದರು.

ಮೆಟ್ಟಿಲು ಹತ್ತಿ ನಿಂತರು. ಬಾಯಿ ತೆರೆದರು. ಮಾತು ಬರಲಿಲ್ಲ. ದೇವರೇ, ಮತ್ತೆ ಕೂರಿಸಬೇಡ ಅವರನ್ನ, ಎಂದು ನಾನು ಬೆಂಚಿನ ಅಂಚು ಗಟ್ಟಿಯಾಗಿ ಹಿಡಿದೆ.

"ನನ್ನ ಮೈಯಲ್ಲಿ ಅವರ ರಕ್ತ ಒಂದು ತೊಟ್ಟೂ ಇಲ್ಲ," ಎಂದರು ಅಪ್ಪ. "ಬರೀ ಪ್ರಿಚರ್ಡರ ರಕ್ತ. ಅದಕ್ಕೆ ಮಾತು ಬರಲ್ಲ. ಹಾಗಾಗಿ ನಾನೇ ಆಡಬೇಕು."

ಯಾರೋ ನಕ್ಕರು. ಅಪ್ಪನೂ ನಕ್ಕು, ಒಬ್ಬ ವಿಧವೆಯ ಕಥೆ ಹೇಳಿದರು. ಮನೆಯಲ್ಲಿ ಚಳಿ ತಡೆಯದೆ ಆಕೆ ಅಪ್ಪನ ಬಸ್ಸು ಹತ್ತಿ, ಕೊನೆಯ ಸ್ಟಾಪು ಬಂದರೂ ಇಳಿಯದೆ ಕೂರುತ್ತಿದ್ದಳಂತೆ. ನನಗೂ ಹೇಳಿರಲಿಲ್ಲ ಇದನ್ನು. "ಇಳೀಬೇಕಾ ಅಂತ ಕೇಳಿದಳು. ಕೂತ್ಕೊಳ್ಳಮ್ಮ ಅಂದೆ. ಮಳೇಲಿ ಬಂದಳು, ಕೂತ್ಕೊಳ್ಳಮ್ಮ ಅಂದೆ. ಹಿಮ ಬಿತ್ತು, ಕೂತ್ಕೊಳ್ಳಮ್ಮ ಅಂದೆ! ನಾನೇ ಅಷ್ಟು ಅಂದರೆ, ದೇವರು ಇಳಿ ಅಂತಾನಾ?"

ಪ್ರತಿ ಸಲವೂ ದನಿ ಒಂದು ಮೆಟ್ಟಿಲು ಏರಿತು, ಮಾತು ರಾಗವಾಯಿತು. ಹಳೆಯ ಉಪದೇಶಕರಿಗೆ ಬರುತ್ತಿತ್ತೆಂದು ಹಿರಿಯರು ಹೇಳುವ ಆ ಆವೇಶ ನಮ್ಮಪ್ಪನಿಗೆ ಬಂದಿತ್ತು! "ಆಮೆನ್!" ಎಂದು ಅಜ್ಜಿ ಕೂಗಿದರು. "ಆಮೆನ್!" ಎಂದರು ಪ್ಯೂ, ಎಲ್ಲರಿಗಿಂತ ಜೋರಾಗಿ. ನಾನು ಅಳುತ್ತಿದ್ದೆ, ನಗುತ್ತಲೂ ಇದ್ದೆ.

ಹೊರಡುವಾಗ ಬಾಗಿಲಲ್ಲಿ ಅಜ್ಜಿ ಅಪ್ಪನ ಕೈ ಹಿಡಿದುಕೊಂಡರು.

"ಮುಂದಿನ ತಿಂಗಳು ಒಂದು ಭಾನುವಾರಕ್ಕೆ ನಮಗೆ ಉಪದೇಶಕರು ಇಲ್ಲಪ್ಪ."

"ಅಮ್ಮಾ, ನಾನು ಬೋವೆನ್ನರ ವಂಶದವನಲ್ಲ..."

"ಗೊತ್ತು. ಅವರ ವಂಶದವರೇ ಬರ್ಲಿ ಅಂತ ಕಾದಿದ್ರೆ ನಾವು ಯಾವತ್ತೋ ಬೀಗ ಹಾಕಬೇಕಿತ್ತು. ಬರ್ತೀಯೋ ಇಲ್ವೋ?"

"ಬರ್ತೀನಿ," ಎಂದರು ಅಪ್ಪ.