ಗೆರೆ ಬಿಟ್ಟ ಚುಕ್ಕೆ

ಶವದ ಮೇಲೆ ಹೂವಿಡಲು ಬಗ್ಗಿದವಳ ಕಣ್ಣು ಮುಖಕ್ಕೆ ಹೋಗುವ ಮೊದಲು ಎಡ ಮೊಣಕೈಯ ಮಡಿಕೆಗೆ ಹೋಯಿತು. ಅಲ್ಲಿ ಹಸಿರು ನರ ಇನ್ನೂ ತೆಳ್ಳಗೆ ಕಾಣುತ್ತಿತ್ತು. ಹದಿನಾಲ್ಕು ವರ್ಷ, ವರ್ಷಕ್ಕೊಂದು ಬೆಳಿಗ್ಗೆ, ಬೀಗದಂಗಡಿಯ ಯಜಮಾನರು ಖಾಲಿ ಹೊಟ್ಟೆಯಲ್ಲಿ ಬಂದು ಅವಳ ಮುಂದೆ ಈ ತೋಳನ್ನೇ ಚಾಚಿದ್ದರು.

"ಯಾರಮ್ಮ ನೀವು?" ತಲೆಯ ಬಳಿ ಕೂತಿದ್ದ ಅವರ ಹೆಂಡತಿ ಕೇಳಿದರು.

"ಆಸ್ಪತ್ರೆಯ ಲ್ಯಾಬಿನವಳು. ಇವರ ರಕ್ತ ತೆಗೀತಿದ್ದೆ."

"ಓ, ಸೂಜಿಯಮ್ಮ!" ಅತ್ತು ಕೆಂಪಾದ ಕಣ್ಣಲ್ಲೂ ಆಕೆಗೆ ಒಂದಿಷ್ಟು ನಗು ಬಂತು. "ಅವರು ಎದ್ದ ತಕ್ಷಣ ಟೀ ಕೇಳದೇ ಇರ್ತಿದ್ದ ದಿನ ವರ್ಷಕ್ಕೆ ಒಂದೇ. ನಿಮ್ಮ ಹತ್ರ ಬರೋ ದಿನ. ಕೂತ್ಕೊಳ್ಳಿ."

ಮೂರು ದಿನದ ಜ್ವರ ಎದೆಗಿಳಿದು ಅರವತ್ತೇಳರ ಮನುಷ್ಯನನ್ನು ಕರೆದೊಯ್ದಿತ್ತು. ಲ್ಯಾಬಿನವಳು ಗೋಡೆಗೊರಗಿ ಕೂತಳು. ಅವಳು ಬಂದದ್ದು ದುಃಖಕ್ಕೆ ನಿಜ. ಆದರೆ ಅದರ ಪಕ್ಕದಲ್ಲೇ ಒಂದು ಪ್ರಶ್ನೆಯೂ ಬಂದು ಕೂತಿತ್ತು. ಸಾವಿನ ಮನೆಯಲ್ಲಿ ಅದನ್ನು ಕೇಳುವುದು ಹೇಗೆ?

*

ವರ್ಷವರ್ಷ ರಕ್ತ ತೆಗೆಯುತ್ತಿದ್ದದ್ದು ಆಸ್ಪತ್ರೆಯವರ ದೊಡ್ಡ ಅಧ್ಯಯನಕ್ಕೆ. ಹೊಟ್ಟೆಯ ಬೊಜ್ಜು, ಸಕ್ಕರೆ, ರಕ್ತದೊತ್ತಡ ಎಲ್ಲ ಒಟ್ಟಿಗೆ ಯಾರ ಮೈಯಲ್ಲಿ ಬೀಡುಬಿಡುತ್ತವೆ ಎಂದು ರಕ್ತ ನೋಡಿಯೇ ಮೊದಲೇ ಹೇಳಬಹುದೇ ಎಂಬ ಹುಡುಕಾಟ. ದಿನವಿಡೀ ಅಂಗಡಿಯಲ್ಲಿ ಕೂತು ಕೀಲಿ ಉಜ್ಜುವ ಯಜಮಾನರೂ ಹೆಸರು ಕೊಟ್ಟಿದ್ದರು. ಐದನೆಯ ವರ್ಷದ ಹೊತ್ತಿಗೆ ಅವರ ಸಕ್ಕರೆ, ಕೊಬ್ಬು, ಯೂರಿಕ್ ಆಮ್ಲ ಮೂರೂ ಗಡಿಯ ಹತ್ತಿರ ಬಂದು ನಿಂತಿದ್ದವು.

"ಇನ್ನೈದು ವರ್ಷದಲ್ಲಿ ಕಾಯಿಲೆ ಬರೋ ಸಂಭವ ಜಾಸ್ತಿ," ಎಂದರು ದೊಡ್ಡ ಡಾಕ್ಟರು.

"ಬೀಗ ನೋಡಿ ಕೀಲಿ ಹೇಳೋನು ನಾನು," ಯಜಮಾನರು ನಕ್ಕರು. "ನೀವು ರಕ್ತ ನೋಡಿ ನಾಳೆ ಹೇಳ್ತೀರಲ್ಲ, ನನಗಿಂತ ಒಂದು ಕೈ ಮೇಲೆ!"

ಮರುವರ್ಷ ಸಂಖ್ಯೆಗಳು ಇಳಿದವು. ಅದರ ಮರುವರ್ಷ ಇನ್ನೂ ಇಳಿದವು.

"ವ್ಯಾಯಾಮ ಏನಾದ್ರೂ ಮಾಡ್ತೀರಾ ಯಜಮಾನ್ರೆ?" ಅವಳು ಫಾರಂ ಹಿಡಿದು ಕೇಳಿದ್ದಳು.

"ನಾನಾ? ಅಂಗಡಿ ಬಿಟ್ಟು ಎಲ್ಲಿಗೆ ಹೋಗ್ಲಿ? ಗಿರಾಕಿ ಕರೆದ ಕಡೆ ಹೋಗ್ತೀನಿ, ಅಷ್ಟೇ."

ಅವಳು 'ಇಲ್ಲ' ಎಂಬುದಕ್ಕೆ ಗುರುತು ಹಾಕಿದಳು.

ಒಂದು ದಿನ ಡಾಕ್ಟರು ನಕ್ಷೆಯ ಮೇಲೆ ಬೆರಳಿಟ್ಟರು. ಒಬ್ಬೊಬ್ಬರಿಗೆ ಒಂದರಂತೆ ಹಾಕಿದ ಚುಕ್ಕೆಗಳೆಲ್ಲ ಅವರ ಅಂದಾಜಿನ ಗೆರೆಯ ಆಸುಪಾಸಿನಲ್ಲಿದ್ದವು. ಒಂದು ಮಾತ್ರ ಕೆಳಗೆ, ದೂರ. "ಇದ್ಯಾರು? ಟ್ಯೂಬ್ ಅದಲುಬದಲು ಮಾಡಿದ್ದೀಯಾ?"

ಅವಳ ಕಿವಿ ಬಿಸಿಯಾಯಿತು. ಯಜಮಾನರನ್ನು ಮತ್ತೆ ಕರೆಸಿ ಮತ್ತೆ ರಕ್ತ ತೆಗೆದಳು. ಅದೇ ಫಲಿತಾಂಶ ಬಂತು. ಆದರೂ ಕಡತದ ಮೂಲೆಯಲ್ಲಿ ಡಾಕ್ಟರು ಹಾಕಿದ ಪ್ರಶ್ನಾರ್ಥಕ ಚಿಹ್ನೆ ಹಾಗೇ ಉಳಿಯಿತು. ಅದು ತನ್ನ ಕೈಗೇ ಅಂಟಿದ ಮಸಿಯಂತೆ ಅವಳಿಗೆ ಅನಿಸುತ್ತಿತ್ತು.

*

ಮಧ್ಯಾಹ್ನ ಅಂತ್ಯಕ್ರಿಯೆ ಮುಗಿಸಿ ಎಲ್ಲರೂ ಮರಳಿದಾಗ ಅವಳು ಮೆಲ್ಲಗೆ ಮಾತು ತೆಗೆದಳು. "ಯಜಮಾನ್ರು ಊಟದಲ್ಲಿ ಪಥ್ಯ ಮಾಡ್ತಿದ್ರಾ?"

"ಪಥ್ಯವಾ?" ಹೆಂಡತಿಯ ತಮ್ಮ ಹುಬ್ಬೇರಿಸಿದ. "ಭಾವ ಟೀಗೆ ನಾಲ್ಕು ಚಮಚ ಸಕ್ಕರೆ ಹಾಕ್ಕೋತಿದ್ರು. ನಾನು ಪಥ್ಯ ಮಾಡಿಯೂ ಹೀಗೆ ದಪ್ಪಗಿದ್ದೀನಿ ನೋಡಿ."

"ಬೆಲ್ಟಿಗೆ ಮಾತ್ರ ತಾವೇ ಮೂರು ಹೊಸ ತೂತು ಕೊರ್ಕೊಂಡಿದ್ರು," ಎಂದರು ಹೆಂಡತಿ. "ಕಾಯಿಲೆ ಇರಬಹುದಾ ಅಂತ ನನಗೇ ಭಯ ಆಗಿತ್ತು."

ಅಷ್ಟರಲ್ಲಿ ಬಾಗಿಲಲ್ಲಿ ಕೈಚೀಲ ಹಿಡಿದ ಒಬ್ಬ ಅಜ್ಜಿ ಬಂದು ನಿಂತಳು. ಬೆನ್ನು ನೆಟ್ಟಗಿತ್ತು, ದನಿ ತರಗತಿಯನ್ನು ಸುಮ್ಮನಾಗಿಸುವಂಥದ್ದು.

"ಬೀಗದವನೆಲ್ಲಿ? ನನ್ನ ಬಾಗಿಲು ಹಾಕ್ಕೊಂಡುಬಿಟ್ಟಿದೆ."

ಒಳಗಿದ್ದವರೆಲ್ಲ ಬಾಗಿಲ ಕಡೆ ತಿರುಗಿದರು.

"ಹಿಂದಿನ ಬೀದಿಯ ಅಪಾರ್ಟ್‌ಮೆಂಟಿನ ಟೀಚರಮ್ಮ," ಹೆಂಡತಿ ಪಿಸುಗುಟ್ಟಿದರು. "ಮರೆವು. ಹೊರಗೆ ಬಂದಾಗಲೆಲ್ಲ ಕೀಲಿ ಒಳಗೇ ಬಿಡ್ತಾರೆ. ದಿನಕ್ಕೆರಡು ಸಲ ಇವರೇ ಹೋಗಿ ತೆಗೆದುಕೊಡ್ತಿದ್ರು. ಒಂಬತ್ತು ವರ್ಷ ಆಯ್ತು."

ಒಂಬತ್ತು ವರ್ಷ. ಲ್ಯಾಬಿನವಳು ನೆಟ್ಟಗೆ ಕೂತಳು. "ಎಷ್ಟನೇ ಮಹಡಿ?"

"ಅದು ನನಗೇನು ಗೊತ್ತು ತಾಯಿ. ನಾನ್ಯಾವತ್ತೂ ಹೋಗಿಲ್ಲ."

"ಆರು," ಎಂದಳು ಅಜ್ಜಿ. "ಲಿಫ್ಟ್ ಇದೆ. ಕೆಟ್ಟಿದೆ. ಯಾವಾಗಲೂ ಕೆಟ್ಟೇ ಇರುತ್ತೆ. ಅವನಿಗೆ ಬರಕ್ಕೆ ಹೇಳಿ."

"ಅಕ್ಕ, ಇವತ್ತು ಬೇಡ. ನಾನು ಹೋಗಿ ಬರ್ತೀನಿ," ತಮ್ಮ ಎದ್ದ.

"ಕೂತ್ಕೋ." ಹೆಂಡತಿ ಗೂಟದಲ್ಲಿ ನೇತಾಡುತ್ತಿದ್ದ ಗಂಡನ ಅಂಗಿಯ ಜೇಬಿಗೆ ಕೈಹಾಕಿ, ಅಜ್ಜಿಯ ಮನೆಗೆಂದು ಅವರು ಮಾಡಿಟ್ಟುಕೊಂಡಿದ್ದ ಇನ್ನೊಂದು ಕೀಲಿ ತೆಗೆದರು. "ಟೀಚರಮ್ಮ, ಅವರು ಬರಲ್ಲ. ತೀರಿಕೊಂಡ್ರು. ನಾನು ಬರ್ತೀನಿ, ನಡೀರಿ."

ಅಜ್ಜಿ ಕೈಚೀಲವನ್ನು ಇನ್ನೊಂದು ಕೈಗೆ ಬದಲಿಸಿದಳು. "ನನಗೆ ಯಾರೂ ಹೇಳಲೇ ಇಲ್ಲ," ಎಂದಳು.

ಲ್ಯಾಬಿನವಳೂ ಎದ್ದಳು, ಮೂವರೂ ಹೊರಟರು. ಅಪಾರ್ಟ್‌ಮೆಂಟಿನಲ್ಲಿ ಅವಳು ಮೆಟ್ಟಿಲು ಎಣಿಸತೊಡಗಿದಳು. ಮೂರನೆಯ ಮಹಡಿಗೆ ಅವಳ ಎದೆ ಡವಡವ ಅನ್ನತೊಡಗಿತು. ಯಜಮಾನರ ಹೆಂಡತಿ ಕಂಬಿ ಹಿಡಿದು ನಿಂತುಬಿಟ್ಟರು.

"ದಿನಕ್ಕೆ ಎರಡು ಸಲ ಇದನ್ನ ಹತ್ತಿ ಇಳಿದು ಬಂದು 'ಒಂದು ಲೋಟ ನೀರು ಕೊಡೇ' ಅಂತಿದ್ರು. 'ಹಿಂದಿನ ಬೀದಿಗೆ ಹೋಗಿ ಬಂದಿದ್ದಕ್ಕೆ ಇಷ್ಟು ಸುಸ್ತಾ?' ಅಂತ ಆಡಿಕೊಂಡು ನಗ್ತಿದ್ನಲ್ಲಮ್ಮ ನಾನು!"

"ಅವರ ರಕ್ತ ತುಂಬ ಚೆನ್ನಾಗಿತ್ತು," ಎಂದಳು ಲ್ಯಾಬಿನವಳು. "ಯಾಕೆ ಅಂತ ಯಾರಿಗೂ ಗೊತ್ತಿರಲಿಲ್ಲ. ಅವರಿಗೂ."

"ಏನು ವಯಸ್ಸಾಯ್ತು ನಿಮಗೆ? ಬೇಗ ಬನ್ನಿ!" ಮೇಲಿನಿಂದ ಅಜ್ಜಿಯ ದನಿ ಬಂತು.

ನೂರ ಇಪ್ಪತ್ತಾರು ಮೆಟ್ಟಿಲು. ಆರನೆಯ ಮಹಡಿ ಮುಟ್ಟಿದಾಗ ಲ್ಯಾಬಿನವಳಿಗೆ ಕಾಲು ನಿಲ್ಲಲಿಲ್ಲ. ಬಾಗಿಲ ಪಕ್ಕದಲ್ಲಿ ಗಿಡ್ಡ ಸ್ಟೂಲೊಂದು ಕಂಡು ಅತ್ತ ನಡೆದಳು. ಆದರೆ ಅದರ ಮೇಲೆ ಹೂಕುಂಡವಿತ್ತು.

"ಅದು ಬೀಗದವನದು," ಎಂದಳು ಅಜ್ಜಿ. ಕೀಲಿ ಮರೆಯುವವಳಿಗೆ ಇದು ಚೆನ್ನಾಗಿ ನೆನಪಿತ್ತು. "ಮೊದಮೊದಲು ಬಂದವನೇ ಉಸ್ಸಪ್ಪಾ ಅಂತ ಕೂರ್ತಿದ್ದ. ಸುಧಾರಿಸಿಕೊಂಡೇ ಬೀಗ ಮುಟ್ಟಬೇಕಿತ್ತು. ಆಮೇಲೆ ಒಂದಿನ ತಾನೇ ಗಿಡ ತಂದು ಇಟ್ಟ. ಇನ್ನು ಇದು ಬೇಡ ಟೀಚರ್ ಅಂದ."

ಹೆಂಡತಿ ಬೀಗಕ್ಕೆ ಕೀಲಿ ತೂರಿಸಿದರು. ಲ್ಯಾಬಿನವಳು ಏದುಸಿರು ಬಿಡುತ್ತ ಬಗ್ಗಿ ನೋಡಿದಳು. ಕುಂಡದ ತಳದ ತೂತಿನಿಂದ ಹೊರಬಂದ ಬೇರು ಸ್ಟೂಲಿನ ಕಾಲನ್ನು ಮೂರು ಸುತ್ತು ಸುತ್ತಿ, ಹೆಬ್ಬೆರಳಷ್ಟು ದಪ್ಪವಾಗಿತ್ತು.